ಉಂಡ ಎಲೆ ಎತ್ತುವವರಾರು?

ಬೆಂಗಳೂರಿನ ಮನೆಗಳ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳ ಪಾಲಿಗೆ ಬಿತ್ತು. ಅಲ್ಲಿನ ಅಂತರ್ಜಲ ಕೆಟ್ಟಿತು, ನೊಣ ಮುತ್ತಿತು. ಮಂಡೂರಿನ ಜನ 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತ ಮೇಲೆಯೇ ಸರ್ಕಾರ ಕಣ್ಣು ತೆರೆಯಿತು. ಪಟ್ಟಣ ಉಂಡ ಎಲೆಯನ್ನು ಹಳ್ಳಿ ಎತ್ತಬೇಕೆ ಎಂದು ನಾವು ಕೇಳುತ್ತೇವೆ.

ಹಸಿ ಕಸ, ಒಣ ಕಸ ಬೇರೆ ಮಾಡುವುದು ಬಹುಮಂದಿಗೆ ಸಣ್ಣ ಮಾತು. ಕೊಳೆತ ಅನ್ನದಲ್ಲಿ ಅಡಗಿದ ಗಾಜಿನ ಚೂರು ಪೌರಕಾರ್ಮಿಕ ಹೆಂಗಸಿನ ಕೈ ಸೀಳಿದಾಗ ಅದು ಸಣ್ಣದಲ್ಲ. ತರಕಾರಿ ಸಿಪ್ಪೆ ಒಣ ಎಲೆಯೊಡನೆ ಮಡಕೆಯಲ್ಲಿ ಎರಡು ಮೂರು ತಿಂಗಳು ಕೂತರೆ ಗೊಬ್ಬರ. ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮಿಥೇನ್ ಅನಿಲ, ವಿಷದ ನೀರು. ಬಟ್ಟೆಯ ಚೀಲ ಹಿಡಿದು ಸಂತೆಗೆ ಹೋಗುವುದು ನಮ್ಮ ಹಿರಿಯರ ರೂಢಿ, ನಾಚಿಕೆಯೇಕೆ?

ಆದರೆ ಮನೆಯವರು ಬೇರೆ ಮಾಡಿದ್ದನ್ನು ಲಾರಿಯಲ್ಲಿ ಮತ್ತೆ ಬೆರೆಸುವ ಆಡಳಿತ ಗೃಹಿಣಿಗೆ ಬುದ್ಧಿ ಹೇಳಬಾರದು. ಪ್ಲಾಸ್ಟಿಕ್ ತಯಾರಿಸುವ ಧಣಿಯನ್ನು ಬಿಟ್ಟು ಬೀದಿಬದಿಯ ವ್ಯಾಪಾರಿಗೆ ದಂಡ ಹಾಕುವುದು ನ್ಯಾಯವೂ ಅಲ್ಲ, ಸಮಾಜವಾದವೂ ಅಲ್ಲ. ರೂಢಿ ನಮ್ಮ ಹೊಣೆ, ವ್ಯವಸ್ಥೆ ಸರ್ಕಾರದ ಹೊಣೆ. ನಮ್ಮದನ್ನು ಇಂದೇ ಮಾಡಿ ತೋರಿಸೋಣ. ಅವರದನ್ನು ಕೇಳುವ ದನಿ ಆಗ ಇನ್ನಷ್ಟು ಗಟ್ಟಿಯಾಗುತ್ತದೆ.