ನಿರ್ವಾತ ಎಂಬ ತಣ್ಣನೆಯ ಒಲೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ ತಂದೆತಾಯಿಯರು ಒಂದು ಸಂಗತಿಯನ್ನು ಗಮನಿಸಿರಬಹುದು. ದಾದಿಯ ಕೈಯಲ್ಲಿರುವ ಪುಟ್ಟ ಸೀಸೆಯಲ್ಲಿ ಲಸಿಕೆ ದ್ರವರೂಪದಲ್ಲಿ ಇರುವುದಿಲ್ಲ. ಸೀಸೆಯ ತಳದಲ್ಲಿ ಒಣಗಿದ ಬಿಲ್ಲೆಯಂತೆ ಅಂಟಿಕೊಂಡಿರುತ್ತದೆ. ಜೊತೆಗೆ ಬಂದ ಇನ್ನೊಂದು ಸೀಸೆಯ ದ್ರವವನ್ನು ಬೆರೆಸಿ, ಕರಗಿಸಿದ ಮೇಲೆಯೇ ಅದು ಸಿರಿಂಜಿಗೆ ಬರುತ್ತದೆ. ಕ್ಷಯರೋಗದ ವಿರುದ್ಧ ನೀಡುವ ಬಿಸಿಜಿ ಲಸಿಕೆಯೂ ಹೀಗೆಯೇ.

ಈ ಬಿಲ್ಲೆಯೊಳಗಿರುವುದು ದುರ್ಬಲಗೊಳಿಸಿದ, ಆದರೆ ಜೀವಂತವಾಗಿರುವ ರೋಗಾಣು. ಅದು ಸತ್ತರೆ ಲಸಿಕೆಯಿಂದ ಪ್ರಯೋಜನವಿಲ್ಲ. ಲಸಿಕೆಯನ್ನು ಮೊದಲು ತಯಾರಿಸುವುದು ದ್ರವವಾಗಿಯೇ. ಒಲೆಯ ಮೇಲಿಟ್ಟು ಕಾಯಿಸಿದರೆ ರೋಗಾಣು ಉಳಿಯುವುದಿಲ್ಲ. ಹಾಗಿದ್ದರೆ ಅದರಲ್ಲಿದ್ದ ನೀರನ್ನು ಹೊರತೆಗೆದದ್ದು ಹೇಗೆ? ಉತ್ತರ ಒಂದೇ ಪದದಲ್ಲಿದೆ: ನಿರ್ವಾತ.

ಅಡುಗೆಮನೆಯ ಪ್ರೆಶರ್ ಕುಕ್ಕರಿನಿಂದಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು. ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುತ್ತದೆ. ಒತ್ತಡ ಕಡಿಮೆಯಾದರೆ ಇದರ ತಿರುವುಮುರುವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ; ಎವರೆಸ್ಟಿನ ತುದಿಯಲ್ಲಿ 70 ಡಿಗ್ರಿಯ ಆಸುಪಾಸಿನಲ್ಲಿ. ಮುಚ್ಚಿದ ಪಾತ್ರೆಯಿಂದ ಪಂಪಿನ ಮೂಲಕ ಗಾಳಿಯನ್ನು ಎಳೆಯುತ್ತಾ ಹೋದರೆ ಈ ಬಿಂದು ಇನ್ನೂ ಕೆಳಗಿಳಿಯುತ್ತದೆ. ವಾತಾವರಣದ ಒತ್ತಡದ ಐದನೆಯ ಒಂದು ಭಾಗ ಮಾತ್ರ ಉಳಿದಾಗ 60 ಡಿಗ್ರಿಯ ನೀರೂ ಕೊತಕೊತ ಕುದಿಯುತ್ತದೆ. ಜರ್ಮನಿಯ ಮಾಗ್ಡೆಬರ್ಗ್ ನಗರದ ಆಟೊ ಫಾನ್ ಗೆರಿಕೆ ಸುಮಾರು 1650ರಲ್ಲಿ ಗಾಳಿ ಎಳೆಯುವ ಪಂಪನ್ನು ರೂಪಿಸಿದ. ಅಂದು ಕುತೂಹಲದ ವಸ್ತುವಾಗಿದ್ದ ನಿರ್ವಾತ ಉದ್ಯಮಕ್ಕೆ ಇಳಿಯಲು ಮತ್ತೂ ಒಂದೂವರೆ ಶತಮಾನ ಬೇಕಾಯಿತು.

ಅದನ್ನು ಮೊದಲು ಬರಮಾಡಿಕೊಂಡ ಉದ್ಯಮಗಳಲ್ಲಿ ಸಕ್ಕರೆಯೂ ಒಂದು. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕವಾಗುವ ಹೊತ್ತಿಗೆ ಉಷ್ಣತೆ 115 ಡಿಗ್ರಿ ದಾಟಿರುತ್ತದೆ. ಬೆಲ್ಲಕ್ಕೆ ಆ ಬಣ್ಣ, ಆ ಪರಿಮಳ ಬರುವುದರಲ್ಲಿ ಈ ಬಿಸಿಯ ಪಾಲೂ ಇದೆ. ಆದರೆ ಬಿಳಿಯ ಹರಳು ಸಕ್ಕರೆ ಬೇಕೆಂದರೆ ಅಷ್ಟು ಬಿಸಿ ಕೂಡದು. ಸಕ್ಕರೆ ಕಂದಿ, ಒಡೆದುಹೋಗುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ 19ನೇ ಶತಮಾನದ ಆರಂಭದಲ್ಲಿ ಮುಚ್ಚಿದ ಪಾತ್ರೆಯಿಂದ ಗಾಳಿ ತೆಗೆದು, ಪಾಕವನ್ನು ಕಡಿಮೆ ಬಿಸಿಯಲ್ಲಿ ಕುದಿಸುವ ವಿಧಾನವನ್ನು ತಂದ.

ಅದನ್ನು ಇನ್ನೂ ಮುಂದಕ್ಕೆ ಒಯ್ದವನು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ. ಆಗ ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಕರಿಯ ಗುಲಾಮರು. ಸಾಲಾಗಿ ಹೂಡಿದ ಕೊಪ್ಪರಿಗೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕುದಿಯುವ ರಸವನ್ನು ಉದ್ದ ಹಿಡಿಯ ಸೌಟುಗಳಿಂದ ಎತ್ತಿ ಸುರಿಯುವುದು ಅವರ ಕೆಲಸ. ಮೈಸುಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ರಿಲ್ಯೂವಿನ ತಾಯಿಯೂ ಆಫ್ರಿಕಾ ಮೂಲದವಳೇ. ಪ್ಯಾರಿಸಿನಲ್ಲಿ ಓದಿ ಬಂದ ಆತ 1843 ಮತ್ತು 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಮುಚ್ಚಿದ ಪಾತ್ರೆಗಳ ಸರಣಿಯಿತ್ತು. ಮೊದಲ ಪಾತ್ರೆಯ ರಸದಿಂದ ಎದ್ದ ಹಬೆಯೇ ಎರಡನೆಯದನ್ನು ಕಾಯಿಸುತ್ತದೆ. ಎರಡನೆಯದರ ಹಬೆ ಮೂರನೆಯದನ್ನು. ಮುಂದುಮುಂದಿನ ಪಾತ್ರೆಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಕಡಿಮೆ ಬಿಸಿಯ ಹಬೆಯೂ ಸಾಕು. ಒಂದು ಕಿಲೋ ಉಗಿಯಿಂದ ಸುಮಾರು ಮೂರು ಕಿಲೋ ನೀರು ಹೋಗುತ್ತದೆ. ಸೌದೆ ಉಳಿಯಿತು, ಸಕ್ಕರೆ ಬೆಳ್ಳಗಾಯಿತು, ಕುದಿಯುವ ರಸಕ್ಕೂ ಮನುಷ್ಯನ ಮೈಗೂ ನಡುವೆ ಲೋಹದ ಗೋಡೆ ಬಂತು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯೂ ಸೇರಿದಂತೆ ಆಧುನಿಕ ಸಕ್ಕರೆ ಕಾರ್ಖಾನೆಗಳೆಲ್ಲ ನಿಂತಿರುವುದು ಈ ತತ್ವದ ಮೇಲೆಯೇ.

ಕಡಿಮೆ ಬಿಸಿ ಸಕ್ಕರೆಗೆ ಸಾಕು. ಜೀವಂತ ರೋಗಾಣುವಿಗೆ ಅದೂ ಹೆಚ್ಚಾಯಿತು. ಇಲ್ಲಿ ನೆರವಿಗೆ ಬರುವುದು ನೀರಿನ ಇನ್ನೊಂದು ಗುಣ. ಒತ್ತಡ ಪಾದರಸದ 4.6 ಮಿಲಿಮೀಟರಿಗಿಂತ ಕೆಳಗಿಳಿದರೆ ಮಂಜುಗಡ್ಡೆ ಕರಗುವುದೇ ಇಲ್ಲ, ನೇರವಾಗಿ ಆವಿಯಾಗುತ್ತದೆ. ಕರ್ಪೂರ ಕರಗದೆಯೇ ಕ್ಷಯಿಸುವಂತೆ. ಇದಕ್ಕೆ ಉತ್ಪತನ ಎನ್ನುತ್ತಾರೆ. ಲಸಿಕೆಯನ್ನು ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ಕೋಣೆಯ ಗಾಳಿಯನ್ನು ಪಂಪಿನಿಂದ ತೆಗೆಯುತ್ತಾರೆ. ಹೊರಟ ಆವಿಯನ್ನು ಇನ್ನೂ ತಣ್ಣಗಿರುವ ಕೊಳವೆಗಳು ಹಿಡಿದುಕೊಳ್ಳುತ್ತವೆ. ಗಂಟೆಗಟ್ಟಲೆ ನಡೆಯುವ ಈ ಕ್ರಿಯೆಯ ಕೊನೆಗೆ ಉಳಿಯುವುದು ಹಗುರವಾದ ಒಣ ಬಿಲ್ಲೆ. ರೋಗಾಣು ನಿದ್ರಿಸುತ್ತದೆ, ಸಾಯುವುದಿಲ್ಲ.

ಈ ವಿದ್ಯೆಯ ಬೆಲೆ ತಿಳಿಯಬೇಕಾದರೆ ಸಿಡುಬಿನ ಕತೆಯನ್ನು ನೆನೆಯಬೇಕು. ಎಡ್ವರ್ಡ್ ಜೆನ್ನರ್ 1796ರಲ್ಲೇ ಲಸಿಕೆ ಹಾಕಿ ತೋರಿಸಿದ್ದ. 1802ರಲ್ಲಿ ಅದು ಮುಂಬೈಗೂ ಬಂತು. ಆದರೂ ರೋಗ ಮತ್ತೆ ಒಂದೂವರೆ ಶತಮಾನ ಜನರನ್ನು ಕೊಲ್ಲುತ್ತಲೇ ಇತ್ತು. ಒಂದು ಮುಖ್ಯ ಕಾರಣ ಸೆಖೆ. ದ್ರವರೂಪದ ಲಸಿಕೆ ಬೇಸಿಗೆಯ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತಿತ್ತು. ದಾಕು ಹಾಕುವವರು ಹಳ್ಳಿಗೆ ನಡೆದು ಬರುವಷ್ಟರಲ್ಲಿ ಅವರ ಪೆಟ್ಟಿಗೆಯಲ್ಲಿ ಉಳಿದಿರುತ್ತಿದ್ದುದು ಸತ್ವವಿಲ್ಲದ ನೀರು. ಚುಚ್ಚಿಸಿಕೊಂಡ ಮಗುವಿಗೆ ರಕ್ಷಣೆಯಿಲ್ಲ. ರಕ್ಷಣೆಯಿದೆಯೆಂದು ತಂದೆತಾಯಿಯರ ನಂಬಿಕೆ.

1950ರ ದಶಕದಲ್ಲಿ ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೊಲಿಯರ್ ಲಸಿಕೆಗೆ ಪೆಪ್ಟೋನ್ ಎಂಬ ಪದಾರ್ಥವನ್ನು ಬೆರೆಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುವ ವಿಧಾನವನ್ನು ಸಿದ್ಧಪಡಿಸಿದರು. ಈ ಲಸಿಕೆ 37 ಡಿಗ್ರಿ ಸೆಖೆಯಲ್ಲಿ ತಿಂಗಳಾದರೂ ಕೆಡುತ್ತಿರಲಿಲ್ಲ. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದ ಭಾರತಕ್ಕೆ ಒಣ ಲಸಿಕೆ ದೊಡ್ಡ ಪ್ರಮಾಣದಲ್ಲಿ ಸೋವಿಯತ್ ಒಕ್ಕೂಟದಿಂದ ಬಂತು. ಮುಂದೆ ದೇಶದಲ್ಲೇ ಅದನ್ನು ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯ ಲಸಿಕೆ ಸಂಸ್ಥೆಯೂ ಒಂದು. ಭಾರತದ ಕೊನೆಯ ಸಿಡುಬಿನ ಪ್ರಕರಣ 1975ರ ಮೇ ತಿಂಗಳಿನದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಅಜ್ಜ ಅಜ್ಜಿಯರ ತೋಳಿನ ಮೇಲಿನ ದಾಕಿನ ಗುರುತು ಮೊಮ್ಮಕ್ಕಳ ತೋಳಿನಲ್ಲಿ ಕಾಣದಿರುವುದಕ್ಕೆ ಒಂದು ಪಂಪೂ ಕಾರಣ!

ನೀರನ್ನು ಬಿಸಿಯಿಲ್ಲದೆ ಹೊರಡಿಸುವ ಈ ಉಪಾಯ ಇನ್ನೂ ಅನೇಕ ಕಡೆ ದುಡಿಯುತ್ತಿದೆ. ಗೇಲ್ ಬಾರ್ಡನ್ 1856ರಲ್ಲಿ ಪೇಟೆಂಟ್ ಪಡೆದ ಗಟ್ಟಿಹಾಲು ಸೀದುಹೋಗದಿರುವುದು ನಿರ್ವಾತದಿಂದ. ಹೆಪ್ಪುಗಟ್ಟಿಸಿ ಒಣಗಿಸಿದ ಇನ್‌ಸ್ಟಂಟ್ ಕಾಫಿಯಲ್ಲಿ ಘಮ ಉಳಿಯುವುದೂ ಅದರಿಂದಲೇ. ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಸುರುಳಿಗಳಿಗೆ ಸುತ್ತಿದ ಕಾಗದದಲ್ಲಿ ತೇವ ಉಳಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ತೇವವನ್ನು ನಿರ್ವಾತದಲ್ಲಿ ತೆಗೆದ ಮೇಲೆಯೇ ಎಣ್ಣೆ ತುಂಬುತ್ತಾರೆ. ಸಕ್ಕರೆ, ಔಷಧಿ, ಹಾಲು, ವಿದ್ಯುತ್ತು: ಉದ್ಯಮಗಳು ಬೇರೆ, ತತ್ವ ಒಂದೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಸೂಜಿಯಿಲ್ಲದ ಹೊಸ ಪ್ಲಾಸ್ಟಿಕ್ ಸಿರಿಂಜಿಗೆ, ಹಿರಿಯರ ಸಹಾಯದಿಂದ, ಕೈಸುಡುವಷ್ಟು ಬಿಸಿಯಿರುವ ಆದರೆ ಕುದಿಯದ ನೀರನ್ನು ಕಾಲು ಭಾಗ ಎಳೆದುಕೊಳ್ಳಬೇಕು. ಒಳಗಿನ ಗಾಳಿಯನ್ನು ಹೊರದೂಡಿ, ತುದಿಯನ್ನು ರಬ್ಬರಿನ ತುಂಡಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಜೋರಾಗಿ ಹಿಂದಕ್ಕೆಳೆದರೆ ನೀರು ಒಮ್ಮೆಲೇ ಕುದಿಯತೊಡಗುತ್ತದೆ. ಬಿಟ್ಟರೆ ಶಾಂತ. ಮಂಡ್ಯದ ಪಾಕಪಾತ್ರೆಯಲ್ಲಿ ನಡೆಯುವುದು ಇದೇ.

ಕೊನೆಯದಾಗಿ ಮತ್ತೆ ಆ ಪುಟ್ಟ ಸೀಸೆ. ಎಲ್ಲ ಲಸಿಕೆಗಳೂ ಸಿಡುಬಿನ ಲಸಿಕೆಯಷ್ಟು ಗಟ್ಟಿಯಲ್ಲ. ಒಣಗಿದ್ದರೂ ಅವುಗಳನ್ನು ತಣ್ಣಗೇ ಇಡಬೇಕು. ದ್ರವ ಬೆರೆಸಿದ ಕ್ಷಣದಿಂದಂತೂ ನಿರ್ವಾತ ಕೊಟ್ಟ ರಕ್ಷಣೆ ಮುಗಿಯಿತು. ದಡಾರ-ರುಬೆಲ್ಲಾ ಮತ್ತು ಬಿಸಿಜಿ ಲಸಿಕೆಗಳನ್ನು ಬೆರೆಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು ಎಂಬ ನಿಯಮವಿರುವುದು ಇದಕ್ಕಾಗಿ. ಸೀಸೆಯ ಮೇಲೆ ದಾದಿ ಸಮಯ ಬರೆಯುವುದೂ, ಹೊತ್ತು ಮೀರಿದ್ದನ್ನು ಕೊಡಲು ಒಪ್ಪದಿರುವುದೂ ಸೋಮಾರಿತನದಿಂದಲ್ಲ, ಜಿಪುಣತನದಿಂದಲೂ ಅಲ್ಲ. ಲಸಿಕೆ ಹಾಕಿಸುವ ದಿನ ತಂದೆತಾಯಿಯರು ಹೇಳಿದ ಸಮಯಕ್ಕೆ ಹೋದರೆ, ನೀರು ಕಳೆದುಕೊಂಡು ಅಷ್ಟು ದೂರ ಬಂದ ಆ ಬಿಲ್ಲೆಯ ಪ್ರಯಾಣ ಸಾರ್ಥಕವಾಗುತ್ತದೆ.