‘ಉಷ್ಣ’ಕ್ಕೆ ಜೀರಿಗೆ ನೀರು ಸಾಕೇ? ಗುಪ್ತಾಂಗದ ಸೋಂಕು: ನಂಬಿಕೆ ಎಷ್ಟು, ನಿಜ ಎಷ್ಟು?

‘ಮೂತ್ರಕ್ಕೆ ಹೋದಾಗ ಉರಿ, ಬಿಳಿ ಸೆರಗು, ಗುಪ್ತಾಂಗದಲ್ಲಿ ಹುಣ್ಣು ಎಲ್ಲವೂ ಮೈ ಉಷ್ಣದಿಂದ. ಜೀರಿಗೆ ನೀರು, ಸಬ್ಜಾ ಬೀಜ ಕುಡಿಯಿರಿ, ಡಾಕ್ಟರ್ ಬೇಡ.’ ಇಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇದನ್ನು ನಂಬಬಹುದೇ? ನೋಡೋಣ.

ಇದರಲ್ಲಿ ಸ್ವಲ್ಪ ನಿಜ ಇದೆ. ಬೀದರ್ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿಯುವವರು ನೀರು ಕಡಿಮೆ ಕುಡಿದರೆ ಮೂತ್ರ ಗಾಢವಾಗಿ ಉರಿಯುತ್ತದೆ. ನೀರು ಕುಡಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಹಾಗೆಯೇ, ವಾಸನೆ, ತುರಿಕೆ ಇಲ್ಲದ ತೆಳು ಬಿಳಿ ಸ್ರಾವ ಹೆಣ್ಣುಮಕ್ಕಳಲ್ಲಿ ಸಹಜ.

ಆದರೆ ಕೀವು, ಕೆಟ್ಟ ವಾಸನೆ, ಮೊಸರಿನಂಥ ಸ್ರಾವ, ಕಿಬ್ಬೊಟ್ಟೆ ನೋವು, ಹುಣ್ಣು ಕಂಡರೆ ಅದು ಉಷ್ಣವಲ್ಲ, ಸೋಂಕು ಇರಬಹುದು. ಎಲ್ಲ ಸೋಂಕೂ ಲೈಂಗಿಕ ಸಂಪರ್ಕದಿಂದಲೇ ಬರುವುದಿಲ್ಲ. ಮೂತ್ರನಾಳದ ಸೋಂಕು, ಫಂಗಸ್ ಸೋಂಕು ಹಾಗೆಯೇ ಬರಬಹುದು. ಆದ್ದರಿಂದ ಪರೀಕ್ಷೆಗೆ ಮೊದಲೇ ಮನೆಯವರ ಮೇಲೆ ಸಂಶಯಪಡುವುದು ತಪ್ಪು.

ಹಾಗಾದರೆ ಮನೆಮದ್ದಿನಿಂದ ಹುಣ್ಣು ಮಾಯವಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ. ಔಷಧ ಕೊಡದಿದ್ದರೂ 3ರಿಂದ 6 ವಾರದಲ್ಲಿ ತಾನೇ ಮಾಯುತ್ತದೆ. ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಹೆಸರು ಬರುವುದು ಮನೆಮದ್ದಿಗೆ! ಗರ್ಭಿಣಿಯಲ್ಲಿ ಅದು ಉಳಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಆರಂಭದಲ್ಲೇ ಗೊತ್ತಾದರೆ ಒಂದು ಪೆನಿಸಿಲಿನ್ ಇಂಜೆಕ್ಷನ್ ಸಾಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕೇ ಸೋಂಕುಗಳ 37.4 ಕೋಟಿ ಹೊಸ ಪ್ರಕರಣಗಳಿದ್ದವು. ನಾಲ್ಕೂ ವಾಸಿಯಾಗುವಂಥವು. ಅನೇಕರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಯಾವ ಲಕ್ಷಣವೂ ಕಾಣುವುದಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟ ಗೊನೊರಿಯಾ, ಕ್ಲಮೈಡಿಯಾಗಳಿಂದ ಬಂಜೆತನ ಬರಬಹುದು.

ಮತ್ತೊಂದು ಮಾತು. ನಮ್ಮ ಕಡೆ ಎಷ್ಟೋ ಗಂಡಸರು ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಹೆಂಡತಿ ಒಬ್ಬಳೇ ಮಾತ್ರೆ ನುಂಗಿ ಗುಣವಾದರೂ, ಊರಿಗೆ ಬಂದ ಗಂಡನಲ್ಲಿ ಸೋಂಕು ಉಳಿದಿದ್ದರೆ ಮತ್ತೆ ಅಂಟುತ್ತದೆ. ಲೈಂಗಿಕವಾಗಿ ಹರಡುವ ಸೋಂಕೆಂದು ಗೊತ್ತಾದರೆ ಇಬ್ಬರಿಗೂ ಚಿಕಿತ್ಸೆ ಬೇಕು. ಚಿಕಿತ್ಸೆ ಮುಗಿಯುವವರೆಗೆ ಸಂಪರ್ಕ ಬೇಡ, ನಂತರ ಕಾಂಡೋಮ್ ಕಾಪಾಡುತ್ತದೆ.

ಎಲ್ಲಿಗೆ ಹೋಗಬೇಕು?

ಬೇಮಳಖೇಡದಂಥ ಊರಿನವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಪರಿಚಯದವರು ನೋಡುತ್ತಾರೆಂಬ ಸಂಕೋಚವಿದ್ದರೆ ಹುಮನಾಬಾದ್ ಅಥವಾ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆ, ಇಲ್ಲವೇ ಬೀದರ್‌ನ ಬ್ರಿಮ್ಸ್ ಆಸ್ಪತ್ರೆ ಇದೆ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆಗೆಂದೇ ಇರುವ ಕೇಂದ್ರಕ್ಕೆ ‘ಸುರಕ್ಷಾ ಕ್ಲಿನಿಕ್’ ಎಂದು ಹೆಸರು. ಸಲಹೆ, ಔಷಧ ಉಚಿತ. ಎಚ್‌ಐವಿ ಪರೀಕ್ಷೆಗೆ ‘ಐಸಿಟಿಸಿ’ ಎಂದು ಕೇಳಿ. 10ರಿಂದ 19 ವರ್ಷದವರಿಗೆ ‘ಸ್ನೇಹ ಕ್ಲಿನಿಕ್’ ಇದೆ. ಹೊರಡುವ ಮೊದಲು ಏನಾದರೂ ಕೇಳಬೇಕೆಂದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ಗುಟ್ಟು ರಟ್ಟಾಗುತ್ತದೆಯೇ? 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕಾನೂನೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಹಿರಂಗಪಡಿಸುವಂತಿಲ್ಲ.

ಇನ್ನು ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ ಗ್ಯಾರಂಟಿ’ ಪೋಸ್ಟರ್‌ಗಳು. ಇಂಥ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಅರ್ಧಕ್ಕೇ ಬಿಡುವ ಆ್ಯಂಟಿಬಯಾಟಿಕ್ ಕೂಡ ಅಪಾಯವೇ. ಗೊನೊರಿಯಾ ರೋಗಾಣು ಈಗಾಗಲೇ ಹಲವು ಔಷಧಗಳಿಗೆ ಬಗ್ಗುತ್ತಿಲ್ಲ.

ಜೀರಿಗೆ ನೀರು ಕುಡಿಯಿರಿ, ತಪ್ಪಿಲ್ಲ. ಆದರೆ ಎರಡು ದಿನದಲ್ಲಿ ಉರಿ ಹೋಗದಿದ್ದರೆ, ಅಥವಾ ಹುಣ್ಣು ಕಂಡರೆ, ಅದು ಮಾಯುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಿದ್ದರೆ 1097 ಅನ್ನು ಫಾರ್ವರ್ಡ್ ಮಾಡಿ.