ಉತ್ಸವಕ್ಕೆ ಹಣವಿದೆ, ತಿಂಗಳ ಕಛೇರಿಗಿಲ್ಲ

ಕಳೆದ ತಿಂಗಳ ಕಛೇರಿ ಮುಗಿದಾಗ ರಾತ್ರಿ ಎಂಟೂವರೆ. ಶ್ರೋತೃಗಳು ಎದ್ದು ಹೊರಟಿದ್ದರು. ಮೈಕಿನವರು ವೈರು ಸುತ್ತತೊಡಗಿದ್ದರು. ಇಪ್ಪತ್ತೈದರ ಆಸುಪಾಸಿನ ಮೃದಂಗ ವಾದಕರೊಬ್ಬರು ವಾದ್ಯಕ್ಕೆ ಗವಸು ಹಾಕುತ್ತಿದ್ದರು. ಅವರ ಕೈಗೆ ಸಂಭಾವನೆಯ ಲಕೋಟೆ ಇಟ್ಟೆ. ತೆರೆದೂ ನೋಡದೆ ಜೇಬಿಗೆ ಸೇರಿಸಿ, 'ಬರ್ತೀನಿ ಸರ್' ಎಂದು ನಮಸ್ಕರಿಸಿ ಹೊರಟರು. ಅದರಲ್ಲಿದ್ದುದು 3,000 ರೂಪಾಯಿ. ಆರು ವರ್ಷಗಳ ಹಿಂದೆ, ಅವರಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ನಾವು ಕೊಟ್ಟಿದ್ದೂ ಅಷ್ಟೇ. ಈ ಅವಧಿಯಲ್ಲಿ ಆಟೊ ಬಾಡಿಗೆ ಏರಿದೆ, ಮೃದಂಗಕ್ಕೆ ಹೊಸ ಮುಚ್ಚಿಗೆ ಹಾಕಿಸುವ ವೆಚ್ಚ ಏರಿದೆ, ಅವರ ವಿದ್ವತ್ತಂತೂ ಏರಿಯೇ ಇದೆ. ನಮ್ಮ ಲಕೋಟೆ ಮಾತ್ರ ಇದ್ದಲ್ಲೇ ಇದೆ.

ನಾನು ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಲ್ಲಿ ನಡೆಯುವ ಪುಟ್ಟ ಸಂಗೀತ ಸಭಾದ ಗೌರವ ಕಾರ್ಯದರ್ಶಿ. ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಈ ಹೊಣೆ ಹೆಗಲಿಗೆ ಬಂತು. ಬೇರೆಯವರ ಹಣವನ್ನು ಎಣಿಸಿಯೇ ಬದುಕು ಕಳೆದವನಿಗೆ ಲೆಕ್ಕ ಕಷ್ಟವಲ್ಲ. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ತಿಂಗಳಿಗೊಂದು ಕಛೇರಿ. ಶಾಲೆಯ ಸಭಾಂಗಣದ ಬಾಡಿಗೆ 5,000 ರೂಪಾಯಿ, ಧ್ವನಿವರ್ಧಕಕ್ಕೆ 4,000, ಮುಖ್ಯ ಕಲಾವಿದರಿಗೆ 8,000, ಇಬ್ಬರು ಪಕ್ಕವಾದ್ಯದವರಿಗೆ ಒಟ್ಟು 6,000, ತಂಬೂರಿ ಹಿಡಿಯುವವರಿಗೆ 500, ಆಹ್ವಾನ ಪತ್ರಿಕೆ, ಕಾಫಿ, ಓಡಾಟಕ್ಕೆ 2,500. ಒಟ್ಟು 26,000. ವರ್ಷಕ್ಕೆ 3.12 ಲಕ್ಷ. ಸಾವಿರ ರೂಪಾಯಿಯಂತೆ 140 ಸದಸ್ಯರು ಕೊಡುವುದು 1.40 ಲಕ್ಷ. ಊರಿನ ವ್ಯಾಪಾರಿಗಳಿಂದ, ಹಳೆಯ ಅಭಿಮಾನಿಗಳಿಂದ ಬರುವುದು ಸುಮಾರು 70 ಸಾವಿರ. ಉಳಿದ ಒಂದು ಲಕ್ಷವನ್ನು ಪದಾಧಿಕಾರಿಗಳಾದ ನಾವು ಐವರು ಹಂಚಿಕೊಳ್ಳುತ್ತೇವೆ. ಐವರಲ್ಲಿ ನಾಲ್ವರು ಪಿಂಚಣಿದಾರರು.

ಹಾಗಾದರೆ ಸರ್ಕಾರದ ಧನಸಹಾಯ ಕೇಳಬಾರದೇ ಎಂದು ಓದುಗರು ಪ್ರಶ್ನಿಸಬಹುದು. ಕೇಳಿದೆವು. ಕೆಲವು ವರ್ಷಗಳ ಹಿಂದೆ ಅರ್ಜಿ, ನೋಂದಣಿ ಪತ್ರ, ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಎಲ್ಲವನ್ನೂ ಹಿಡಿದು ಅನುದಾನ ನೀಡುವ ಕಚೇರಿಯೊಂದಕ್ಕೆ ಹೋದೆ. ಅಲ್ಲಿನ ಸಿಬ್ಬಂದಿ ಸೌಜನ್ಯದಿಂದಲೇ ಕೂರಿಸಿ, 'ಯಾವ ಉತ್ಸವಕ್ಕೆ ಸರ್?' ಎಂದು ಕೇಳಿದರು. ಉತ್ಸವವಿಲ್ಲ, ವರ್ಷವಿಡೀ ಹನ್ನೆರಡು ಕಛೇರಿ ಎಂದೆ. ಅವರು ಕಡತವನ್ನು ಮತ್ತೊಮ್ಮೆ ತಿರುವಿ, 'ಹಾಗೆ ಬರೆದರೆ ಯಾವ ಶೀರ್ಷಿಕೆಯಡಿಯೂ ಬರಲ್ಲ. ಒಂದು ಉತ್ಸವ ಅಂತ ಮಾಡಿಬಿಡಿ ಸರ್' ಎಂದು ಸಲಹೆ ನೀಡಿದರು.

ಮಾಡಿದೆವು. ಮೂರು ದಿನಗಳ ಉತ್ಸವ. ಶಾಮಿಯಾನ, ಫ್ಲೆಕ್ಸ್, ದೀಪಾಲಂಕಾರ, ಶಾಲು, ಹಾರ, ನೆನಪಿನ ಕಾಣಿಕೆ. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಏಳೂಮುಕ್ಕಾಲಾಗಿ, ಎರಡೂವರೆ ಗಂಟೆ ಹಾಡಲು ಸಿದ್ಧವಾಗಿ ಬಂದ ಗಾಯಕಿ ಒಂದೂಕಾಲು ಗಂಟೆಗೆ ಮುಗಿಸಬೇಕಾಯಿತು. ಖರ್ಚಾದದ್ದು 3.20 ಲಕ್ಷ. ಛಾಯಾಚಿತ್ರ, ಪತ್ರಿಕಾ ತುಣುಕು, ರಸೀದಿ, ಹಣ ಬಳಕೆ ಪ್ರಮಾಣಪತ್ರ ಎಲ್ಲವನ್ನೂ ಸಲ್ಲಿಸಿ ಒಂಬತ್ತು ತಿಂಗಳ ನಂತರ ಕೈಸೇರಿದ್ದು 1.50 ಲಕ್ಷ. ನಡುವಿನ ಅವಧಿಯಲ್ಲಿ ಸಭಾದ ಠೇವಣಿಯನ್ನು ಮುರಿದೆವು. ಆ ವರ್ಷ ನಾಲ್ಕು ತಿಂಗಳ ಕಛೇರಿಗಳು ನಿಂತುಹೋದವು. ಯಾವುದನ್ನು ಉಳಿಸಿಕೊಳ್ಳಲೆಂದು ಅನುದಾನ ಕೇಳಿದೆವೋ, ಅನುದಾನ ಅದನ್ನೇ ನುಂಗಿತು.

ಇದು ಆ ನೌಕರರ ಮೇಲಿನ ದೂರಲ್ಲ. ಅವರು ತಮ್ಮ ಮಿತಿಯಲ್ಲಿ ನೆರವಾದರು. ದೋಷವಿರುವುದು ಅನುದಾನದ ಕಲ್ಪನೆಯಲ್ಲಿ. ಸಂಸ್ಕೃತಿಯೆಂದರೆ ಒಂದು ದಿನದ ಘಟನೆ, ಅದಕ್ಕೊಂದು ಬ್ಯಾನರು, ವೇದಿಕೆ ಇರಬೇಕು ಎಂಬ ಭಾವನೆ ನಮ್ಮ ಬಹುತೇಕ ಯೋಜನೆಗಳ ಬೆನ್ನಿಗಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯನ್ನೇ ನೋಡಿ. ಉತ್ಸವ, ವಿಚಾರ ಸಂಕಿರಣ, ಹೊಸ ನಿರ್ಮಾಣಗಳಿಗೆ ಸಾಮಾನ್ಯವಾಗಿ 5 ಲಕ್ಷ, ವಿಶೇಷ ಸಂದರ್ಭಗಳಲ್ಲಿ 20 ಲಕ್ಷದವರೆಗೆ ನೆರವಿದೆ. ಗುರು-ಶಿಷ್ಯ ತಂಡಗಳಿಗೆ ಮಾಸಿಕ ನೆರವಿದೆ. ಕಟ್ಟಡಕ್ಕೂ ಒಂದು ಬಾಬತ್ತಿದೆ. ಇವೆಲ್ಲ ಬೇಕಾದವುಗಳೇ. ಆದರೆ ಪ್ರತಿ ತಿಂಗಳೂ ಬಾಗಿಲು ತೆರೆದು, ಜಮಖಾನ ಹಾಸಿ, ಎಂಬತ್ತು ಜನರ ಮುಂದೆ ಒಬ್ಬ ಕಲಾವಿದನನ್ನು ಕೂರಿಸುವವನಿಗೆ ಇವುಗಳಲ್ಲಿ ಸರಿಯಾದ ಜಾಗವಿಲ್ಲ. ಕಲಾವಿದನಿಗೆ ನೆರವು, ಗುರುವಿಗೆ ನೆರವು, ಕಟ್ಟಡಕ್ಕೆ ನೆರವು. ಇವರನ್ನೆಲ್ಲ ಶ್ರೋತೃವಿನ ಜತೆ ಸೇರಿಸುವ ಆಯೋಜಕ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಉತ್ಸವಗಳ ವಿರೋಧಿ ನಾನಲ್ಲ. 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವಾಗಲಿ, ಮೈಸೂರಿನ ಎಂಟನೇ ಕ್ರಾಸ್‌ನ ಗಣೇಶೋತ್ಸವವಾಗಲಿ ಈ ನಾಡಿನ ಕಿವಿಯನ್ನು ತಿದ್ದಿವೆ. ಆದರೆ ಉತ್ಸವದ ವೇದಿಕೆಗೆ ಬರುವ ಗಾಯಕ ಆಕಾಶದಿಂದ ಇಳಿಯುವುದಿಲ್ಲ. ಅರಮನೆಯ ಆಶ್ರಯವಿದ್ದ ಕಾಲದಲ್ಲೇ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ಸಂಗೀತಕ್ಕೆ ಅರಮನೆಯಾಚೆಗೆ ಒಂದು ನೆಲೆ ಒದಗಿಸಿದರು. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಉತ್ತರದಲ್ಲಿ, ಸವಾಯಿ ಗಂಧರ್ವರ ಊರಾದ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡರು. ಅದೇ ಊರಿನ ನಾಡಗೀರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆದುಬಂತು. ಮಂದಿರವೋ, ವಾಡೆಯೋ, ಬಡಾವಣೆಯ ಸಭಾವೋ, ಊರಿನ ಮಧ್ಯದ ಸಾಧಾರಣ ಜಾಗಗಳಲ್ಲೇ ಸಂಗೀತ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದೆ.

ಸಣ್ಣ ಸಭಾ ಮಾಡುವ ಕೆಲಸವೇನು ಎಂಬುದನ್ನು ಸಂಗೀತಗಾರರನ್ನೇ ಕೇಳಬೇಕು. ಮನೆಯಲ್ಲಿ ಎಷ್ಟೇ ಸಾಧನೆ ಮಾಡಿದರೂ ಎರಡೂವರೆ ಗಂಟೆಯ ಕಛೇರಿಯನ್ನು ಕಟ್ಟುವ ಕಲೆ ಬರುವುದು ಜನರೆದುರು ಕೂತಾಗಲೇ. ಆಲಾಪನೆ ಎಲ್ಲಿ ಸಾಕೆನ್ನಬೇಕು, ಪಿಟೀಲಿನವರಿಗೆ ಎಷ್ಟು ಜಾಗ ಬಿಡಬೇಕು, ತನಿ ಆವರ್ತನಕ್ಕೆ ಶ್ರೋತೃಗಳು ಎದ್ದು ಹೋಗದಂತೆ ಯಾವ ಹೊತ್ತಿಗೆ ಅವಕಾಶ ಕೊಡಬೇಕು, ಗಂಟಲು ಕೈಕೊಟ್ಟ ದಿನ ಹೇಗೆ ಪಾರಾಗಬೇಕು ಎಂಬುದನ್ನು ಯಾವ ಗುರುವೂ ಮನೆಯಲ್ಲಿ ಪೂರ್ತಿ ಕಲಿಸಲಾರ. ಚೌಡಯ್ಯ ಸ್ಮಾರಕ ಭವನದಲ್ಲಿ ತಪ್ಪುವುದು ದುಬಾರಿ. ನಮ್ಮಲ್ಲಿ ತಪ್ಪಿದರೆ ಮುಂದಿನ ಸಾಲಿನ ಹಿರಿಯರೊಬ್ಬರು ಕಾಫಿಯ ಹೊತ್ತಿನಲ್ಲಿ ಕಿವಿಮಾತು ಹೇಳುತ್ತಾರೆ, ಅಷ್ಟೇ. ಅಂತರ್ಜಾಲದಲ್ಲಿ ಲಕ್ಷ ಮಂದಿ ನೋಡುವ ವಿಡಿಯೊ ಈ ಕೆಲಸವನ್ನು ಮಾಡದು.

ಈ ಸಂಕಟ ನಮ್ಮೊಬ್ಬರದೇ ಅಲ್ಲ, ಶಾಸ್ತ್ರೀಯ ಸಂಗೀತದ್ದು ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಸಣ್ಣ ಸಂಗೀತ ತಾಣಗಳ ರಕ್ಷಣೆಗೆಂದೇ 2014ರಲ್ಲಿ 'ಮ್ಯೂಸಿಕ್ ವೆನ್ಯೂ ಟ್ರಸ್ಟ್' ಹುಟ್ಟಿಕೊಂಡಿತು. 2023ನೇ ವರ್ಷವೊಂದರಲ್ಲೇ ಅಂಥ 125 ತಾಣಗಳು ನೇರ ಸಂಗೀತವನ್ನು ಕಳೆದುಕೊಂಡವೆಂದು ಅದು ಲೆಕ್ಕ ಕೊಟ್ಟಿದೆ. ದೊಡ್ಡ ಅರೀನಾಗಳ ಪ್ರತಿ ಟಿಕೆಟ್‌ನಿಂದ ಒಂದು ಪೌಂಡು ಸಣ್ಣ ತಾಣಗಳಿಗೆ ಹೋಗಲಿ ಎಂಬ ಬೇಡಿಕೆಗೆ 2024ರಲ್ಲಿ ಅಲ್ಲಿನ ಸಂಸದೀಯ ಸಮಿತಿಯೂ ದನಿಗೂಡಿಸಿತು. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದ ರಂಗಮಂದಿರ, ಸಂಗೀತ ತಾಣ, ಆಯೋಜಕರಿಗೆಂದು ಅಮೆರಿಕ 1,600 ಕೋಟಿ ಡಾಲರ್‌ಗೂ ಮಿಕ್ಕಿದ ಅನುದಾನವನ್ನು ತೆಗೆದಿರಿಸಿತು. ಫ್ರಾನ್ಸ್‌ನ ವ್ಯವಸ್ಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಜನಪ್ರಿಯ ಸಂಗೀತ ಪ್ರದರ್ಶನಗಳ ಟಿಕೆಟ್ ಹಣದ ಮೇಲೆ ಶೇ 3.5 ತೆರಿಗೆಯಿದೆ. ಅದರ ಬಹುಪಾಲು ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗಿ ಕರಗದೆ, 2020ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಗೀತ ಕೇಂದ್ರದ ಮೂಲಕ ಮತ್ತೆ ಸಂಗೀತಕ್ಕೇ ಮರಳುತ್ತದೆ.

ನಮ್ಮಲ್ಲಿ ಇಂಥದ್ದು ಅಸಾಧ್ಯವೇ? ಬೆಂಗಳೂರಿನಲ್ಲಿ ಈಗ ಸಾವಿರಾರು ರೂಪಾಯಿಯ ಟಿಕೆಟ್ ಕೊಂಡು ಬಯಲಿನಲ್ಲಿ ನಿಂತು ಹಾಡು ಕೇಳುವವರಿಗೆ ಬರವಿಲ್ಲ. 2024ರ ಡಿಸೆಂಬರಿನಲ್ಲಿ ದಿಲ್ಜಿತ್ ದೊಸಾಂಜ್, 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ಇಲ್ಲಿ ಹಾಡಿ ಹೋದರು. ಸಂತೋಷವೇ. ಒಂದು ಉದಾಹರಣೆಗೆ, 20 ಸಾವಿರ ಮಂದಿ ತಲಾ 5 ಸಾವಿರ ಕೊಟ್ಟರೆ 10 ಕೋಟಿಯಾಯಿತು. ಅದರ ಶೇ 2 ಎಂದರೆ 20 ಲಕ್ಷ. ವರ್ಷಕ್ಕೆ 2 ಲಕ್ಷದಂತೆ ಹತ್ತು ಸಣ್ಣ ಸಭಾಗಳು ಒಂದು ವರ್ಷ ನೆಮ್ಮದಿಯಿಂದ ಉಸಿರಾಡಬಹುದು. ಜಿಎಸ್‌ಟಿ ಬಂದ ಬಳಿಕ ಮನರಂಜನಾ ತೆರಿಗೆಯ ಅಧಿಕಾರ ಉಳಿದಿರುವುದು ನಗರಾಡಳಿತ ಮತ್ತು ಪಂಚಾಯಿತಿಗಳಿಗೆ. ಅಂದರೆ ನಗರಾಡಳಿತ ಮನಸ್ಸು ಮಾಡಿದರೆ ದೊಡ್ಡ ಪ್ರದರ್ಶನಗಳಿಂದ ಸಣ್ಣದೊಂದು ಪಾಲನ್ನು ಪಡೆದು ಪ್ರತ್ಯೇಕ ನಿಧಿಯಾಗಿ ಇಡಬಹುದು. ಟಿಕೆಟ್‌ನಿಂದ ಕಲೆಗೆ ಪಾಲು ಎಂಬ ತತ್ವ ಕರ್ನಾಟಕಕ್ಕೆ ಹೊಸದೂ ಅಲ್ಲ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು 2024ರಲ್ಲಿ ರೂಪಿಸಿದ ಕಾಯ್ದೆ ಶೇ 1ರಿಂದ 2ರವರೆಗಿನ ಸೆಸ್‌ಗೆ ಅವಕಾಶ ಕಲ್ಪಿಸಿದೆ. ಆ ಹಣ ಕಾರ್ಮಿಕರದು, ಅದನ್ನು ಮುಟ್ಟಬಾರದು. ಆದರೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡುವುದಕ್ಕೆ ಅಡ್ಡಿಯೇನು?

ಆಕ್ಷೇಪಗಳಿವೆ. ಶಾಲೆಗೆ ಸೂರಿಲ್ಲದಿರುವಾಗ ಮಧ್ಯಮವರ್ಗದ ಸಂಗೀತಕ್ಕೇಕೆ ಸಾರ್ವಜನಿಕ ಹಣ ಎಂಬುದು ಮೊದಲನೆಯದು. ಈ ಪ್ರಶ್ನೆಗೆ ನನ್ನಲ್ಲಿ ಗೌರವವಿದೆ. ಅದಕ್ಕಾಗಿಯೇ ಈ ನೆರವು ರಾಗ-ತಾಳದ ಸಭಾಗಳಿಗೆ ಮೀಸಲಾಗಬಾರದು ಎನ್ನುತ್ತೇನೆ. ತತ್ವಪದಕಾರರ ಮಂಡಳಿ, ಸುಗಮ ಸಂಗೀತದ ಕೂಟ, ಜನಪದ ಗಾಯಕರ ವೇದಿಕೆ, ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರ ಬ್ಯಾಂಡುಗಳಿಗೆ ಜಾಗ ಕೊಡುವ ಪುಟ್ಟ ತಾಣ, ಎಲ್ಲವೂ ಅರ್ಹವಾಗಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಕಾಗದದ ಮೇಲಷ್ಟೇ ಇರುವ ಸಂಘಗಳು ಹಣ ಎತ್ತುತ್ತವೆ. ನಿಜ. ಆದರೆ ವರ್ಷಕ್ಕೊಮ್ಮೆ ಬ್ಯಾನರು ಕಟ್ಟಿ ಚಿತ್ರ ತೆಗೆಸಿಕೊಳ್ಳುವುದು ಸುಲಭ. ಪ್ರತಿ ತಿಂಗಳು ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಮೂರು ವರ್ಷ ಕಛೇರಿ ನಡೆಸಿದಂತೆ ನಟಿಸುವುದು ಕಷ್ಟ. ನಿರಂತರತೆಗೆ ಹಣ ಕೊಟ್ಟರೆ ಕಳ್ಳ ಸಂಘಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ನಮ್ಮ ತಪ್ಪುಗಳನ್ನೂ ಒಪ್ಪಿಕೊಳ್ಳಬೇಕು. ಸಭಾಗಳು ಪರಿಚಿತರನ್ನೇ ಮತ್ತೆ ಮತ್ತೆ ಕರೆದಿವೆ. ಒಂದೇ ಸಮುದಾಯದ, ಒಂದೇ ವಯಸ್ಸಿನ ಕೂಟಗಳಾಗಿ ಕುಗ್ಗಿವೆ. ಸಂಗೀತ ಪುಕ್ಕಟೆ ಎಂಬ ಅಭ್ಯಾಸವನ್ನು ಶ್ರೋತೃಗಳಿಗೆ ಮಾಡಿಸಿದವರೂ ನಾವೇ. 2018ರ ಜನವರಿಯಿಂದ 500 ರೂಪಾಯಿವರೆಗಿನ ಸಂಗೀತ ಕಛೇರಿ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದ್ದರೂ ಟಿಕೆಟ್ ಇಡಲು ಸಂಕೋಚಪಟ್ಟೆವು. ಆ ಸಂಕೋಚದ ಬೆಲೆಯನ್ನು ತೆತ್ತವರು ಮೃದಂಗದವರು, ಪಿಟೀಲಿನವರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವರ್ಷಕ್ಕೆ ಕನಿಷ್ಠ ಎಂಟು ಕಛೇರಿ ನಡೆಸುವ ಸಣ್ಣ ಸಂಸ್ಥೆಗಳಿಗೆ ಮೂರು ವರ್ಷಗಳ ಖಚಿತ ನೆರವು ಕೊಡಿ. ಮೊತ್ತ ದೊಡ್ಡದಿರಬೇಕಿಲ್ಲ. ವರ್ಷಕ್ಕೆ 2 ಲಕ್ಷದಂತೆ ಒಂದು ಕೋಟಿಯಲ್ಲಿ 50 ಸಂಸ್ಥೆಗಳನ್ನು ನಡೆಸಬಹುದು. ಆದರೆ ಹಣ ಕಛೇರಿಗೆ ಮೊದಲು, ತ್ರೈಮಾಸಿಕ ಕಂತಿನಲ್ಲಿ ಬರಲಿ. ಹಾರ, ಶಾಲು, ಫ್ಲೆಕ್ಸ್‌ಗೆ ಅದರಲ್ಲಿ ಒಂದು ರೂಪಾಯಿಯೂ ಬೇಡ. ಪಕ್ಕವಾದ್ಯದವರಿಗೆ ಕನಿಷ್ಠ ಸಂಭಾವನೆ, ವರ್ಷದಲ್ಲಿ ಇಂತಿಷ್ಟು ಹೊಸಬರಿಗೆ ಅವಕಾಶ, ಬಾಗಿಲಲ್ಲೇ ಲೆಕ್ಕದ ಪ್ರಕಟಣೆ, ಈ ಮೂರು ಷರತ್ತುಗಳನ್ನು ಹಾಕಿ. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆ, ಗ್ರಂಥಾಲಯಗಳ ಸಭಾಂಗಣಗಳನ್ನು ಅಲ್ಪ ಶುಲ್ಕಕ್ಕೆ ತೆರೆದುಕೊಡಿ. ಎಷ್ಟೋ ಸಭಾಗಳಿಗೆ ನಗದಿಗಿಂತ ಇದೇ ದೊಡ್ಡ ಅನುದಾನವಾದೀತು. ನಾವು ಬಾಡಿಗೆಗೆ ಹಿಡಿದಿರುವ ಶಾಲೆಯ ಕಟ್ಟಡ ಬರುವ ಬೇಸಿಗೆಗೆ ನೆಲಸಮವಾಗಲಿದೆ. ಆಮೇಲೆ ಎಲ್ಲಿ ಎಂಬುದು ನಮಗಿನ್ನೂ ತಿಳಿದಿಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಮೊನ್ನೆ ಕಾರ್ಯಕಾರಿ ಸಮಿತಿ ಸೇರಿ, ದೀರ್ಘ ಜಗಳದ ನಂತರ, ಮುಂದಿನ ತಿಂಗಳಿಂದ 150 ರೂಪಾಯಿ ಟಿಕೆಟ್ ಇಡಲು ನಿರ್ಧರಿಸಿದೆವು. ವಿದ್ಯಾರ್ಥಿಗಳಿಗೆ ಉಚಿತ. ಟಿಕೆಟ್ ಹಣವೆಲ್ಲ ಪಕ್ಕವಾದ್ಯದವರಿಗೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಐವರೂ ಸಹಿ ಹಾಕಿದ್ದೇವೆ. ಟಿಕೆಟ್ ಇಟ್ಟರೆ ಬರುವ ಎಂಬತ್ತು ಮಂದಿಯೂ ಬಾರದೆ ಹೋದಾರು ಎಂಬ ಭಯ ನನಗಿದೆ. ಓದುಗರ ಬಡಾವಣೆಯಲ್ಲೂ ಇಂಥದ್ದೊಂದು ಸಭಾ ಇದ್ದೀತು. ಈ ತಿಂಗಳು ಒಂದು ಸಂಜೆ ಹೋಗಿ ಕುಳಿತುಬನ್ನಿ. ಟಿಕೆಟ್ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಏಕಿಲ್ಲ ಎಂದು ಕಾರ್ಯದರ್ಶಿಯನ್ನು ಕೇಳಿ.